ಎತ್ತಿಕೊಂಡು ಹೋಗ್ತೀವಿ ಅನ್ನಬೇಡಿ, ವೀಲ್‌ಚೇರ್ ಹೋಗೋ ಜಾಗ ಹೇಳಿ

ಹಳೇ ಕೊನೆಗಾರ:

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಶಿವಮೊಗ್ಗದಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ. ಅದಕ್ಕೂ ಮೊದಲು 14 ವರ್ಷ ಅಡಿಕೆ ಕೊನೆ ಕೊಯ್ದವನು. ಒಂದು ಮರದ ತುದಿಯಿಂದ ತೂಗಿ ಪಕ್ಕದ ಮರ ಹಿಡಿಯೋದು ಆಗ ಲೆಕ್ಕಕ್ಕೇ ಇರಲಿಲ್ಲ. ಆರು ವರ್ಷದ ಹಿಂದೆ ಒಂದು ಮರ ಕೈಕೊಡ್ತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ತೋಳು ಮಾತ್ರ ಹಳೇ ಕೊನೆಗಾರನ ತೋಳೇ, ಕುರ್ಚಿ ತಳ್ಳೋಕೆ ಇನ್ನೊಬ್ಬರು ಬೇಡ.

ಮನೆ ಹತ್ರ ಒಂದು ಪಾರ್ಕ್ ಇದೆ. ಬೈಕು, ದನ ನುಗ್ಗಬಾರದು ಅಂತ ಗೇಟಿನ ಬಾಯಿಗೆ ಮೂರು ಕಬ್ಬಿಣದ ಪೈಪು ನೆಟ್ಟಿದಾರೆ. ಟೇಪು ಹಿಡಿದು ಅಳೆದೆ: ಪೈಪಿಂದ ಪೈಪಿಗೆ 20 ಇಂಚು. ನನ್ನ ಕುರ್ಚಿ ಅಗಲ 26. ದನಗಳೇನೋ ಹಿಂದಿನ ಬೇಲಿ ಮುರಿದ ಕಡೆಯಿಂದ ಆರಾಮಾಗಿ ಬಂದು ಹೋಗ್ತವೆ. ನಮ್ಮೂರಲ್ಲೂ ದನಕ್ಕೆ ಅಂತ ಉಣುಗೋಲು ಹಾಕ್ತೀವಿ, ಗಾಡಿ ಬಂದ್ರೆ ಗಳ ಎಳೆದು ದಾರಿ ಬಿಡ್ತೀವಲ್ಲ ಮಾರಾಯ್ರೆ. ಇವರು ಗಳಾನೇ ಸಿಮೆಂಟಲ್ಲಿ ಹೂತಿದಾರೆ.

ಹೋದ ತಿಂಗಳು ಗೆಳೆಯರು ಒಂದು ಜಲಪಾತಕ್ಕೆ ಕರ್ಕೊಂಡು ಹೋದ್ರು. ಮೆಟ್ಟಿಲು ಬಂದಕೂಡ್ಲೆ ನಾಲ್ಕು ಜನ ಕುರ್ಚಿ ಸಮೇತ ಎತ್ತಿದ್ರು, ಪಲ್ಲಕ್ಕಿ ಹೊತ್ತಂಗೆ. ಅಲ್ಲಿದ್ದೋರು ನೀರು ಬಿಟ್ಟು ನನ್ನ ನೋಡೋಕೆ ಶುರು ಮಾಡಿದ್ರು, ಒಬ್ರು ಫೋಟೋನೂ ಹೊಡೆದ್ರು. ಗೆಳೆಯರ ಮನಸ್ಸು ಒಳ್ಳೇದೇ, ಬೈಯೋಕಾಗಲ್ಲ. ಆದ್ರೆ ಎತ್ತುವಾಗ ನನ್ನ ಕಾಲು ಎಲ್ಲಿಗೆ ತಾಗ್ತು ಅಂತ ನನಗೇ ಗೊತ್ತಾಗಲ್ಲ. ಮನೆಗೆ ಬಂದು ನೋಡಿದ್ರೆ ಹಿಮ್ಮಡಿ ಕೆತ್ತಿ ಹೋಗಿತ್ತು. ಸಾಕ್ಸ್ ಒಳಗೆ ಎರಡು ಉಂಬಳ ಬೇರೆ, ರಕ್ತ ಕುಡಿದು ದಪ್ಪ ಆಗಿದ್ವು.

ಹಾಗಾಗಿ ಕೇಳ್ತಿರೋದು ಇಷ್ಟೇ: ಶಿವಮೊಗ್ಗದಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರೋ ದೂರದಲ್ಲಿ, ನನ್ನ ಕೈಯಿಂದ ನಾನೇ ಚಕ್ರ ತಿರುಗಿಸಿ ಹೋಗಿ ಹೊಳೆನೋ ಕಾಡೋ ನೋಡೋ ಜಾಗ ಯಾವುದಿದೆ? ಹೋಗಿ ಬಂದವರು ಹೇಳಿ. 'ಅಲ್ಲಿ ಹೋಗಬಹುದು ಅನ್ಸತ್ತೆ' ಅನ್ನೋರು ದಯವಿಟ್ಟು ಬೇಡ.

ಬಾಡಿಗೆ ಓಮ್ನಿ:

ಮಂಡಗದ್ದೆಗೆ ಹೋಗಿ ಅಣ್ಣ. ಶಿವಮೊಗ್ಗದಿಂದ 30 ಕಿಲೋಮೀಟರ್, ನಿಮ್ಮೂರ ದಾರೀಲೇ. ತುಂಗೆಯೊಳಗಿನ ಮರಗಳ ಮೇಲೆ ಹಕ್ಕಿ ಗೂಡು ಕಟ್ಟೋದು ರಸ್ತೆ ಅಂಚಿಂದಲೇ ಕಾಣತ್ತೆ. ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿದೆ, ಅದನ್ನ ಮರೆತುಬಿಡಿ. ಮಳೆಗಾಲದಲ್ಲೇ ಹೋಗ್ಬೇಕು. ದೀಪಾವಳಿ ಹೊತ್ತಿಗೆ ಮರಿಗಳು ಬಲಿತು ಹಾರಿಹೋಗಿ ಮರ ಬೋಳು.

ಜೋಗಕ್ಕೂ ವೀಲ್‌ಚೇರಿನವರನ್ನ ಬಿಟ್ಟಿದೀನಿ. 1400 ಮೆಟ್ಟಿಲು ಇಳಿದ್ರೆ ಮಾತ್ರ ಜೋಗ ಅಂತ ಏನಿಲ್ಲ, ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ಮೇಲಿಂದಲೇ ಕಾಣ್ತವೆ. ಭಾನುವಾರ ಮಾತ್ರ ಬೇಡ, ಕಟಾಂಜನದ ಮುಂದೆ ಸೆಲ್ಫಿಯೋರು ಗೋಡೆ ಕಟ್ಟಿದಂಗೆ ನಿಂತಿರ್ತಾರೆ, ಕೂತವರಿಗೆ ಬರೀ ಬೆನ್ನು ಕಾಣತ್ತೆ.

ಸೈಟ್ ಇಂಜಿನಿಯರಮ್ಮ:

ಪಾರ್ಕ್ ವಿಷಯ ಬಿಡಬೇಡಿ. ಬರೀ ಬೇಜಾರು ಬರೆದ್ರೆ ಫೈಲಲ್ಲಿ ಮಲಗತ್ತೆ, ಅಳತೆ ಬರೀರಿ. ಮಧ್ಯದ ಪೈಪ್ ಒಂದನ್ನ ಕಿತ್ತು ಎಡೆ ಕನಿಷ್ಠ 3 ಅಡಿ ಮಾಡಿ ಅಂತ ಕೇಳಿ. ಬೈಕ್ ತಡೆಯೋಕೆ ಬೇರೆ ಉಪಾಯ ಹುಡುಕೋದು ಅವರ ಕೆಲಸ. ಒಳಗೆ ಮೆಟ್ಟಿಲಿದ್ರೆ 1:12 ಇಳಿಜಾರು, ಅಂದ್ರೆ ಒಂದಡಿ ಏರೋಕೆ 12 ಅಡಿ ಉದ್ದ. ಆರಿಂಚಿನ ಮೂರು ಮೆಟ್ಟಿಲಿಗೆ 18 ಅಡಿ ರ‍್ಯಾಂಪ್ ಬೇಕಾಗತ್ತೆ. ಎಷ್ಟೋ ಕಡೆ ಇದನ್ನ ಐದಡಿಯಲ್ಲಿ ಮುಗಿಸಿ ಉದ್ಘಾಟನೆ ಮಾಡಿರ್ತಾರೆ. ಅದು ಹತ್ತೋಕೆ ಅಲ್ಲ, ಹಿಂದಕ್ಕೆ ಮಗುಚೋಕೆ. ನಮ್ಮ ಮಳೆಗೆ ನುಣುಪು ಟೈಲ್ಸೂ ಬೇಡ, ಹಾವಸೆ ಕಟ್ಟಿದ್ರೆ ಜಾರುಬಂಡಿ. ಒರಟು ಕಾಂಕ್ರೀಟಿಗೆ ಅಡ್ಡ ಗೀರು ಹಾಕಿದ್ರೆ ಸಾಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳೋ ಸಾರ್ವಜನಿಕ ಸೌಲಭ್ಯಗಳಲ್ಲಿ ವಿರಾಮ, ಮನರಂಜನೆಯ ಜಾಗಗಳೂ ಸೇರ್ತವೆ, ಅರ್ಜಿಯಲ್ಲಿ ಅದನ್ನ ಬರೀರಿ. ಈ ಮಾನದಂಡಗಳು ಬರೀ ಸಲಹೆಯ ರೂಪದಲ್ಲಿದ್ರೆ ಸಾಲದು, ಕಡ್ಡಾಯ ಆಗಬೇಕು ಅಂತ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಘಟ್ಟದ ಚಾರಣಿಗ:

ಬೇಜಾರಾಗಬೇಡಿ. ಎಲ್ಲ ಕಡೆ ಕಾಂಕ್ರೀಟ್ ಸುರಿದ್ರೆ ಕಾಡು ಅಂತ ಏನು ಉಳಿಯತ್ತೆ? ಕೆಲವು ಜಾಗ ಕಷ್ಟವಾಗೇ ಇರಲಿ ಅನ್ನೋದು ನನ್ನ ಅನಿಸಿಕೆ.

ಹಳೇ ಕೊನೆಗಾರ:

ಕೊಡಚಾದ್ರಿ ನೆತ್ತಿಗೆ ಲಿಫ್ಟ್ ಹಾಕಿ ಅಂತ ನಾನೆಲ್ಲಿ ಕೇಳಿದೆ ಸ್ವಾಮಿ? ಅಲ್ಲಿಗೆ ನಡೆದೇ ಹೋಗಿದ್ದೆ, ಬರಿಗಾಲಲ್ಲಿ. ಕವಲೇದುರ್ಗದ ಕಲ್ಲು ದಾರಿನ ಒಡೆದು ರಸ್ತೆ ಮಾಡಿದ್ರೆ ನಿಮಗಿಂತ ಮೊದಲು ನಾನೇ ಜಗಳಕ್ಕೆ ಬರ್ತೀನಿ. ಆದ್ರೆ ಕಾರ್ ನಿಲ್ಲಿಸೋಕೆ ಎಕರೆಗಟ್ಟಲೆ ನೆಲ ಸಮತಟ್ಟು ಮಾಡಿರೋ ಕಡೆ, ಕಾರಿಂದ ಕಟಾಂಜನದವರೆಗೆ ಮೂರಡಿ ಅಗಲದ ದಾರಿ ಮಾಡುವಾಗ ಮಾತ್ರ ಕಾಡು ಹಾಳಾಗತ್ತೆ ಅಂದ್ರೆ ಹೆಂಗೆ?

ಕಿವಿಯೇ ಕಣ್ಣು:

ನನಗೆ ದೃಷ್ಟಿ ಇಲ್ಲ. ನನ್ನನ್ನೂ ರಟ್ಟೆ ಹಿಡಿದು ಎಳ್ಕೊಂಡು ಹೋಗ್ತಾರೆ, ನಿಮ್ಮ ಪಲ್ಲಕ್ಕಿಗೆ ಅಣ್ಣತಮ್ಮ. 'ಅಲ್ಲಿ ನೋಡಿ ಎಷ್ಟು ಚೆಂದ' ಅಂತ ಬಾಯ್ತಪ್ಪಿ ಅಂದು ಆಮೇಲೆ ಪೆಚ್ಚಾಗ್ತಾರೆ. ಕುಪ್ಪಳ್ಳಿಯ ಕವಿಶೈಲದಲ್ಲಿ ಮಾತ್ರ ಯಾರೂ ಅವಸರ ಮಾಡಲಿಲ್ಲ, ಆ ದೊಡ್ಡ ಕಲ್ಲುಕಂಬಗಳನ್ನ ಎರಡೂ ಕೈಯಲ್ಲಿ ತಡವಿ ನೋಡಿದೆ. ಬೆಳಗಿನ ಜಾವ ಸಿಳ್ಳಾರ ಹಕ್ಕಿ ಕೂಗೋದು ಕೇಳಿದೀರಾ? ಶಾಲೆ ತಪ್ಪಿಸಿಕೊಂಡ ಹುಡುಗ ಸಿಳ್ಳೆ ಹಾಕ್ಕೊಂಡು ಹೋದಂಗೆ ಇರತ್ತೆ. ಮರದಿಂದ ಮರಕ್ಕೆ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿದ್ರೆ ಅದನ್ನೇ ಹಿಡ್ಕೊಂಡು ಒಬ್ಬನೇ ಹೋಗಿ ಕೇಳ್ಕೊಂಡು ಬರ್ತೀನಿ. ನನಗೆ ಕಾಂಕ್ರೀಟೂ ಬೇಡ.

ಹಳೇ ಕೊನೆಗಾರ:

ಹಗ್ಗದ ಮಾತು ನನಗೆ ಹೊಳೆದೇ ಇರಲಿಲ್ಲ ಸಾರ್.

ಬುಧವಾರ ಅಂಗಡಿ ಬಾಗಿಲು ಹಾಕಿ ಮಂಡಗದ್ದೆಗೆ ಹೋಗಿದ್ದೆ. ಓಮ್ನಿ ತಮ್ಮ, ನೀವು ಹೇಳಿದ್ದು ಸರಿ. ರಸ್ತೆ ಅಂಚಲ್ಲಿ ಜಲ್ಲಿ ಇತ್ತು, ಮುಂದಿನ ಚಿಕ್ಕ ಚಕ್ರ ಎರಡು ಸಲ ಹೂತುಕೊಂಡ್ತು, ಹಿಂದಕ್ಕೆ ವಾಲಿ ಎತ್ತಿಸಿದೆ, ನಾನೇ. ಹೊಳೆ ಕೆಂಪಗೆ ತುಂಬಿ ಹರೀತಿತ್ತು. ಮರದ ತುಂಬ ಬೆಳ್ಳಕ್ಕಿ, ನೀರುಕಾಗೆ. ಒಂದು ಬೆಳ್ಳಕ್ಕಿ ಕಡ್ಡಿ ಕಚ್ಕೊಂಡು ಬಂದು, ತೂಗೋ ಕೊಂಬೆ ಮೇಲೆ ಕಾಲು ಊರೋಕೆ ಮೂರು ಸಲ ಹೆಣಗಾಡ್ತು. ಗಾಳಿ ಇದ್ದಾಗ ಮರ ಹೆಂಗೆ ಹಿಡೀಬೇಕು ಅಂತ ಅದಕ್ಕೆ ಹೇಳಿಕೊಡೋಣ ಅನ್ನಿಸ್ತು. ಒಂದೂವರೆ ಗಂಟೆ ಕೂತಿದ್ದೆ. ಹುಣ್ಣಾಗಬಾರದು ಅಂತ ಹದಿನೈದು ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು, ಎರಡು ಸಲ ಮರೆತೇ ಹೋಯ್ತು. ಲಾರಿಯೊಂದು ಕೆಸರು ಹಾರಿಸಿದ್ದು ಬಿಟ್ರೆ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಇಂಜಿನಿಯರಮ್ಮ, ಅರ್ಜಿ ಕೊಟ್ಟಿದೀನಿ, ಅಳತೆ ಬರೆದು ನಕ್ಷೆನೂ ಹಾಕಿ. ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬಂದೆ. ಜೆರಾಕ್ಸ್ ಖರ್ಚಂತೂ ಇಲ್ಲ, ಹದಿನೈದು ದಿನಕ್ಕೊಂದು ಪ್ರತಿ ಕೊಡ್ತಾ ಇರ್ತೀನಿ.

ಇನ್ನೊಂದು ಪ್ರಶ್ನೆ ಉಳೀತು. ಗಾಜನೂರಿಂದ ಮಂಡಗದ್ದೆಯವರೆಗೆ ಮೂರಡಿ ಬಾಗಿಲಿನ, ಹೊಸ್ತಿಲು ಇಲ್ಲದ ಟಾಯ್ಲೆಟ್ ಯಾರಾದ್ರೂ ಕಂಡಿದೀರಾ? ಹೋಟ್ಲಾದ್ರೂ ಸೈ, ಪೆಟ್ರೋಲ್ ಬಂಕಾದ್ರೂ ಸೈ. ಬುಧವಾರ ಬೆಳಿಗ್ಗೆಯಿಂದ ಒಂದು ಲೋಟ ಕಾಫಿನೂ ಕುಡೀದೆ ಹೋಗಿದ್ದೆ.