ಒಂದೇ ಅಕ್ವೇರಿಯಂನಲ್ಲಿ ಎರಡು ಮೂರು ನೈಫ್ ಫಿಶ್‌ಗಳನ್ನು ಸಾಕಬಹುದೇ?

ಪ್ರಶ್ನೆ: ಮಲೆನಾಡಿಗ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಕ್ವೇರಿಯಂ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರವಿದೆ. ಅದರಲ್ಲಿ ಸುಮಾರು ಆರು ಅಂಗುಲದ ಒಂದು ಬ್ಲ್ಯಾಕ್ ಘೋಸ್ಟ್ ನೈಫ್ ಫಿಶ್ (ಚಾಕುವಿನ ಅಲಗಿನಂತೆ ತೆಳ್ಳನೆಯ ಕಪ್ಪು ಮೀನು) ಇದ್ದು, ಹಗಲೆಲ್ಲ ಮರದ ಬೇರಿನ ಅಡಿಯಲ್ಲಿ ಅಡಗಿರುತ್ತದೆ. ದೀಪ ಆರಿಸಿದ ಮೇಲೆ ಹೊರಬಂದು ಕೈಯಿಂದಲೇ ಹುಳು ತಿನ್ನುತ್ತದೆ. ಅದು ಒಂಟಿಯಾಗಿದೆ ಎಂಬುದು ನನ್ನ ಮಗಳ ಕೊರಗು. ಅಂಗಡಿಯಲ್ಲಿ ಇನ್ನೆರಡು ಬ್ಲ್ಯಾಕ್ ಘೋಸ್ಟ್ ಮರಿಗಳೂ ಒಂದು ಕ್ಲೌನ್ ನೈಫ್ ಮರಿಯೂ ಇವೆ. ಎಲ್ಲವೂ ಒಂದೇ ಬಗೆಯ ಮೀನುಗಳಾದ್ದರಿಂದ ಹೊಂದಿಕೊಳ್ಳುತ್ತವೆ ಎಂದು ಅಂಗಡಿಯವರು ಹೇಳಿದರು. ಅವನ್ನು ತಂದು ಜೊತೆಗೆ ಬಿಡಬಹುದೇ?

ಉತ್ತರ: ಸಿಹಿನೀರು, ಮೈಸೂರು

ದಯವಿಟ್ಟು ತರಬೇಡಿ. ನಿಮ್ಮ ಮೀನು ಒಂಟಿತನದಿಂದ ನರಳುತ್ತಿಲ್ಲ. ಕೈಯಿಂದ ತಿನ್ನುವಷ್ಟು ಧೈರ್ಯ ಅದಕ್ಕೆ ಬಂದಿದೆಯೆಂದರೆ ಅದು ನೆಮ್ಮದಿಯಿಂದಿದೆ ಎಂದೇ ಅರ್ಥ.

ಈ ಮೀನಿನ ವೈಜ್ಞಾನಿಕ ಹೆಸರು ಆಪ್ಟೆರೊನೋಟಸ್ ಆಲ್ಬಿಫ್ರಾನ್ಸ್. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ ಮುಂತಾದ ನದಿಗಳು ಇದರ ತವರು. ಬಾಲದ ಕಡೆಗೆ ಇರುವ ಒಂದು ಅಂಗದಿಂದ ಇದು ಹಗಲಿರುಳೂ ನಿಲ್ಲಿಸದೆ, ಸೆಕೆಂಡಿಗೆ ಸುಮಾರು ಸಾವಿರ ಬಾರಿ, ಬಹಳ ದುರ್ಬಲವಾದ ವಿದ್ಯುತ್ ಮಿಡಿತಗಳನ್ನು ಹೊರಡಿಸುತ್ತದೆ. ನಮ್ಮ ಕೈಗೆ ತಿಳಿಯದಷ್ಟು ಸಣ್ಣದಾದ ಆ ವಿದ್ಯುತ್ತು ಮೀನಿನ ಸುತ್ತ ಒಂದು ಕ್ಷೇತ್ರವಾಗಿ ಹರಡಿರುತ್ತದೆ. ಅಲ್ಲಿಗೆ ಕಲ್ಲು, ಹುಳು ಅಥವಾ ಇನ್ನೊಂದು ಮೀನು ಬಂದಾಗ ಉಂಟಾಗುವ ವ್ಯತ್ಯಾಸವನ್ನು ಚರ್ಮದಲ್ಲಿರುವ ಗ್ರಾಹಕಗಳು ಗುರುತಿಸುತ್ತವೆ. ಕತ್ತಲಲ್ಲಿ ಅದು ದಾರಿ ಕಂಡುಕೊಳ್ಳುವುದೂ ಬೇಟೆ ಹುಡುಕುವುದೂ ಹೀಗೆಯೇ. ಒಂದೇ ಜಾತಿಯ ಎರಡು ಮೀನುಗಳ ಮಿಡಿತಗಳ ವೇಗ ಹತ್ತಿರ ಹತ್ತಿರ ಬಂದರೆ ಎರಡರ ಗ್ರಹಿಕೆಯೂ ಕಲಸಿಹೋಗುತ್ತದೆ. ಆಗ ಅವು ತಮ್ಮ ಮಿಡಿತದ ವೇಗವನ್ನು ಬದಲಿಸಿ, ಒಂದರ ವೇಗ ಇನ್ನೊಂದರದಕ್ಕಿಂತ ಬೇರೆಯಾಗುವಂತೆ ಮಾಡಲು ನೋಡುತ್ತವೆ. ಈ ವರ್ತನೆಯನ್ನು 1963ರಲ್ಲಿ ಜಪಾನಿನ ವಿಜ್ಞಾನಿಗಳಾದ ವತನಾಬೆ ಮತ್ತು ತಕೇಡಾ ಇದೇ ಗುಂಪಿಗೆ ಸೇರಿದ ಐಗೆನ್ಮಾನಿಯಾ ಮೀನಿನಲ್ಲಿ ಗುರುತಿಸಿದರು.

ನದಿಯಲ್ಲಾದರೆ ಜಗಳದಲ್ಲಿ ಸೋತ ಮೀನು ಈಜಿಕೊಂಡು ಹೊರಟುಹೋಗುತ್ತದೆ. ನಾಲ್ಕು ಅಡಿಯ ಗಾಜಿನೊಳಗೆ ಅದಕ್ಕೆ ಹೋಗಲು ಜಾಗವಿಲ್ಲ. ಬೇರಿನ ಮರೆಯಲ್ಲಿ ಕುಳಿತು ಕಣ್ಣು ತಪ್ಪಿಸಿಕೊಂಡರೂ ಅದರ ಮಿಡಿತ ಇನ್ನೊಂದಕ್ಕೆ ತಿಳಿಯುತ್ತಲೇ ಇರುತ್ತದೆ. ಮರಿಗಳು ಮೊದಮೊದಲು ಒಂದೇ ಕೊಳವೆಯಲ್ಲಿ ಒತ್ತಿಕೊಂಡು ಮಲಗುವುದನ್ನು ನೋಡಿ ಹಲವರು ಹೊಂದಾಣಿಕೆಯಾಯಿತೆಂದು ಭಾವಿಸುತ್ತಾರೆ, ಆದರೆ ಬೆಳೆದಂತೆ ರಾತ್ರಿಯ ಕಚ್ಚಾಟ ಶುರುವಾಗುತ್ತದೆ. ಬೆಳೆದ ಬ್ಲ್ಯಾಕ್ ಘೋಸ್ಟ್ 50 ಸೆಂಟಿಮೀಟರ್‌ವರೆಗೂ ಆಗಬಲ್ಲದು. ನಿಮ್ಮ ತೊಟ್ಟಿಯ ಅಗಲವೇ ಸುಮಾರು 45 ಸೆಂಟಿಮೀಟರ್ ಎಂಬುದನ್ನು ಗಮನಿಸಿದರೆ, ಈಗಿರುವ ಒಂದು ಮೀನಿಗೇ ಮುಂದೆ ದೊಡ್ಡ ಮನೆ ಬೇಕಾಗುತ್ತದೆ.

ಉತ್ತರ: ತುಂಗಾತೀರ, ಹರಿಹರ

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕ್ಲೌನ್ ನೈಫ್ ಬಗ್ಗೆ ಮಾತ್ರ ಸೇರಿಸುತ್ತೇನೆ. ಆಕಾರ ಒಂದೇ ತೆರನಾಗಿದ್ದರೂ ಇದು ಬ್ಲ್ಯಾಕ್ ಘೋಸ್ಟ್‌ನ ಹತ್ತಿರದ ಬಂಧುವಲ್ಲ. ಆಗ್ನೇಯ ಏಷ್ಯಾದ ಈ ಚಿತಾಲಾ ಆರ್ನೇಟಾ, ನಮ್ಮ ಕೃಷ್ಣಾ ನದಿಯಲ್ಲೂ ಸಿಗುವ ನೋಟೊಪ್ಟೆರಸ್ ಮೀನಿನ ಕುಟುಂಬಕ್ಕೆ ಸೇರಿದ್ದು, ಒಂದು ಮೀಟರ್‌ವರೆಗೆ ಬೆಳೆಯಬಲ್ಲ ಬೇಟೆಗಾರ. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಅದು ಬಿಡುವುದಿಲ್ಲ. ನಿಮ್ಮ ತೆಳ್ಳನೆಯ ಘೋಸ್ಟ್‌ಗೆ ಅದು ನೇರ ಅಪಾಯ. ಅದು ಮೇಲೆ ಬಂದು ಗಾಳಿಯನ್ನೂ ಸೇವಿಸಬಲ್ಲದು, ಆದ್ದರಿಂದ ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ಘೋಸ್ಟ್‌ಗಿಂತ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ. ದೊಡ್ಡದಾಯಿತೆಂದು ಅದನ್ನು ಕೆರೆಗೆ ಬಿಡುವುದಂತೂ ಖಂಡಿತ ಕೂಡದು. ಅಮೆರಿಕದ ಫ್ಲಾರಿಡಾದಲ್ಲಿ ಇದೇ ಮೀನು ಹೊರಗಿನಿಂದ ಬಂದು ನೆಲೆಯೂರಿದೆ.

ಪ್ರಶ್ನೆ ಕೇಳಿದವರು: ಮಲೆನಾಡಿಗ

ಇಬ್ಬರಿಗೂ ಧನ್ಯವಾದಗಳು. ಅಂಗಡಿಗೆ ಹೋಗುವ ಯೋಚನೆ ಬಿಟ್ಟಿದ್ದೇನೆ. ಆದರೂ ಮಗಳಿಗೆ ಗುಂಪಾಗಿರುವ ನೈಫ್ ಫಿಶ್ ನೋಡುವ ಆಸೆಯಿದೆ. ಅಂಥದ್ದು ಯಾವುದಾದರೂ ಉಂಟೇ?

ಉತ್ತರ: ಸಿಹಿನೀರು, ಮೈಸೂರು

ಖಂಡಿತ ಉಂಟು. ಮೇಲೆ ಹೇಳಿದ ಐಗೆನ್ಮಾನಿಯಾ ವೈರೆಸೆನ್ಸ್ ಎಂಬ ಗ್ಲಾಸ್ ನೈಫ್ ಪಾರದರ್ಶಕವಾದ ಮೈಯ, ಗುಂಪಿನಲ್ಲೇ ವಾಸಿಸುವ ಮೀನು. ಗುಂಪಿನೊಳಗೂ ಮೇಲು ಕೀಳು ಇರುತ್ತದೆ; ಆದ್ದರಿಂದ ಎರಡೋ ಮೂರೋ ತಂದರೆ ದುರ್ಬಲವಾದದ್ದರ ಮೇಲೆಯೇ ಎಲ್ಲ ಒತ್ತಡ ಬೀಳುತ್ತದೆ. ಐದಾರು ಮೀನುಗಳಿದ್ದರೆ ಅದು ಹಂಚಿಹೋಗುತ್ತದೆ. ಗಂಡುಗಳು ಒಂದು ಅಡಿ ದಾಟಬಹುದಾದ್ದರಿಂದ ಆರು ಅಡಿ ಉದ್ದ, ಎರಡು ಅಡಿ ಅಗಲದ ಟ್ಯಾಂಕ್ ಇದ್ದರೆ ಒಳ್ಳೆಯದು. ಇವನ್ನು ಘೋಸ್ಟ್ ಜೊತೆಗೆ ಬೆರೆಸದೆ ಪ್ರತ್ಯೇಕವಾಗಿಯೇ ಇಡಿ.

ಮೆದುವಾದ ಮರಳು, ಮಂದ ಬೆಳಕು, ಎರಡೂ ಬದಿ ತೆರೆದಿರುವ ಪಿವಿಸಿ ಕೊಳವೆಗಳು ಮೀನಿಗೊಂದರಂತೆ ಮತ್ತು ಒಂದೆರಡು ಹೆಚ್ಚಿಗೆ, 24ರಿಂದ 28 ಡಿಗ್ರಿ ಸೆಲ್ಸಿಯಸ್ ನೀರು: ಇಷ್ಟು ಬೇಕೇ ಬೇಕು. ಶಿವಮೊಗ್ಗದ ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕಾಗುತ್ತದೆ, ಆದರೆ ಅದರ ಗಾಜು ಬಿರುಕು ಬಿಟ್ಟಿಲ್ಲವೆಂದು ಪ್ಲಗ್ ತೆಗೆದು ಆಗಾಗ ಪರೀಕ್ಷಿಸಿ. ನೀರಿಗೆ ಸೋರುವ ಕರೆಂಟ್ ನಮಗೆ ಅಪಾಯಕಾರಿ, ವಿದ್ಯುತ್ತನ್ನೇ ಇಂದ್ರಿಯವಾಗಿ ಬಳಸುವ ಈ ಮೀನುಗಳಿಗಂತೂ ಹೇಳುವುದೇ ಬೇಡ. ಆಹಾರವನ್ನು ದೀಪ ಆರಿಸಿದ ಮೇಲೆ, ಒಂದೇ ಕಡೆ ಸುರಿಯದೆ, ತೊಟ್ಟಿಯ ಎರಡು ಮೂರು ಕಡೆ ಹಾಕಿ. ಬೆಳಿಗ್ಗೆ ಎದ್ದ ಕೂಡಲೇ ಬಾಲದ ತುದಿಯನ್ನೂ ಹೊಟ್ಟೆಯುದ್ದದ ರೆಕ್ಕೆಯನ್ನೂ ನೋಡಬೇಕು. ಅಲ್ಲಿ ಹರಿದ ಗುರುತು ಕಂಡರೆ, ಅಥವಾ ಒಂದು ಮೀನು ಆಹಾರಕ್ಕೆ ಬಾರದೆ ನೀರಿನ ಮೇಲ್ಭಾಗದ ಮೂಲೆಯಲ್ಲೇ ನಿಂತಿದ್ದರೆ, ಮರುದಿನಕ್ಕೆ ಕಾಯದೆ ಅದನ್ನು ಬೇರೆ ಮಾಡಿ. ಅದಕ್ಕಾಗಿ ಫಿಲ್ಟರ್ ಸಮೇತ ಒಂದು ಬಿಡಿ ತೊಟ್ಟಿಯನ್ನು ಮೀನು ತರುವ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.