ಅಜ್ಜನ 1967ರ ಫಿಯೆಟ್: ಮೊದಲು ಎಂಜಿನ್ನಾ, ಬಾಡಿಯಾ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಫಿಯೆಟ್ ಇದೆ. 1967ರ 1100ಡಿ, ಆಗಿನವರು ಡಿಲೈಟ್ ಅನ್ನುತ್ತಿದ್ದ ಗಾಡಿ. ಹ್ಯಾಂಡ್ ಗೇರ್, ಮುಂದೆ ಅಡ್ಡಕ್ಕೆ ಒಂದೇ ಉದ್ದ ಸೀಟು. ಅಜ್ಜ ಹೋದ ಮೇಲೆ ಅಪ್ಪ ಒಂದಷ್ಟು ವರ್ಷ ಓಡಿಸಿದರು. 2009ರಲ್ಲಿ ಬ್ರೇಕ್ ಹಿಡಿಯುತ್ತಿಲ್ಲ ಅಂತ ಅಡಿಕೆ ಸುಲಿಯುವ ಶೆಡ್ಡಿಗೆ ತಳ್ಳಿ ನಿಲ್ಲಿಸಿದರು. ಅಲ್ಲೇ ಇದೆ. ಮೇಲೆ ತಗಡಿನ ಮಾಡು, ಕೆಳಗೆ ಬರೀ ಮಣ್ಣು. ನಮ್ಮ ಕಡೆಯ ಮಳೆ ಗೊತ್ತಲ್ಲ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ.

ಈಗ ಪಾಲು ಮುಗಿದು ಕಾರು ನನಗೆ ಬಂದಿದೆ. ಬಂದಿದೆ ಅನ್ನುವುದಕ್ಕಿಂತ ಬೇರೆ ಯಾರೂ ಕೇಳಲಿಲ್ಲ. ಪಾಲು ಆದ ಮೇಲೆ ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಉಕ್ಕಿದೆ. ಮಗನ ಮದುವೆ ದಿಬ್ಬಣಕ್ಕೆ ಬೇಕಂತೆ. ಕೆಂಪು ಬಣ್ಣ ಹೊಡೆಸು, ಅಲಾಯ್ ವೀಲ್ ಹಾಕಿಸು ಅನ್ನುತ್ತಾರೆ. ಅಜ್ಜನ ಕಾರು ತಿಳಿ ಬೂದು ಬಣ್ಣದ್ದು. ಕೆಂಪು ಫಿಯೆಟ್ಟಿನಲ್ಲಿ ಅಜ್ಜನನ್ನು ಕೂರಿಸಿ ನೋಡಲು ನನಗಂತೂ ಆಗುವುದಿಲ್ಲ.

ಸದ್ಯದ ಸ್ಥಿತಿ ಹೇಳುತ್ತೇನೆ. ಎಂಜಿನ್ ಜಾಮ್, ಅಲ್ಲಾಡುವುದೇ ಇಲ್ಲ. ವೈರಿಂಗ್ ಅರ್ಧ ಇಲಿ ತಿಂದಿವೆ, ಬಾನೆಟ್ ಒಳಗೆ ಗೂಡೂ ಕಟ್ಟಿವೆ. ಎಡಗಡೆ ಕಾಲಿಡುವ ಜಾಗದ ಮ್ಯಾಟ್ ಎತ್ತಿದರೆ ಶೆಡ್ಡಿನ ಮಣ್ಣು ಕಾಣುತ್ತದೆ. ಬಾಗಿಲುಗಳ ಕೆಳಗಿನ ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಗಾಜು ಎಲ್ಲವೂ ಸರಿ ಇವೆ, ಬಂಪರ್ ಇವೆ. ಡ್ಯಾಶ್‌ಬೋರ್ಡಿನಲ್ಲಿ ಶೃಂಗೇರಿ ಶಾರದೆಯ ಪಟ ಇನ್ನೂ ಅಂಟಿಕೊಂಡಿದೆ. ಗ್ಲೋವ್ ಬಾಕ್ಸಿನಲ್ಲಿ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಪೆಟ್ರೋಲು ಎಷ್ಟು, ಗ್ರೀಸ್ ಯಾವಾಗ, ಎಲ್ಲ ಬರೆದಿಟ್ಟಿದ್ದಾರೆ. ಉಡುಪಿಗೆ ಹೋಗಿ ಬಂದ ದಿನಗಳಲ್ಲೆಲ್ಲ ‘ಆಗುಂಬೆ ಘಾಟಿ, ಪಂಪಿಗೆ ಒದ್ದೆ ಬಟ್ಟೆ’ ಅಂತ ಇದೆ. ಇದೇನು, ಯಾವುದಾದರೂ ಹರಕೆಯಾ?

ಶಿವಮೊಗ್ಗದ ಒಂದು ಗ್ಯಾರೇಜಿನವರು ಬರೀ ಫೋಟೋ ನೋಡಿ ಐದು ಲಕ್ಷ ಅಂದರು. ಮೊದಲು ಪೇಂಟ್ ಕೆಲಸವಂತೆ, ಅರ್ಧ ದುಡ್ಡು ಮುಂಗಡವಂತೆ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಅಡಿಕೆ ಮಾರಿದ ದುಡ್ಡು ಸೇರಿಸಿ ಈ ವರ್ಷ ಎರಡು ಲಕ್ಷ ಹಾಕಬಹುದು, ಉಳಿದದ್ದು ನಿಧಾನಕ್ಕೆ. ಎಲ್ಲಿಂದ ಶುರು ಮಾಡಲಿ? ಸಾಮಾನು ಎಲ್ಲಿ ಸಿಗುತ್ತದೆ? ಆರ್‌ಸಿ ಬುಕ್ ಇನ್ನೂ ಅಜ್ಜನ ಹೆಸರಲ್ಲೇ ಇದೆ, ನಂಬರ್ ಎಂವೈ ಅಂತ ಶುರುವಾಗುವ ಹಳೇ ಮೈಸೂರು ರಾಜ್ಯದ್ದು. ಆ ನಂಬರ್ ಹೋಗಿಬಿಡುತ್ತದಾ?

ಹಳೇಸ್ಪ್ಯಾನರ್:

ನೋಡಮ್ಮ, ಹಾಸನದಲ್ಲಿ ಗ್ಯಾರೇಜು ಇಟ್ಟುಕೊಂಡು ಕೂದಲು ಬೆಳ್ಳಗಾದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ. ಅವನಿಗೆ ಲ್ಯಾಪ್‌ಟಾಪ್ ಚುಚ್ಚದೆ ಗಾಡಿಯ ರೋಗ ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

ಒದ್ದೆ ಬಟ್ಟೆ ಹರಕೆ ಅಲ್ಲ. ನಿಮ್ಮ ಅಜ್ಜ ಬುದ್ಧಿವಂತರು. ಫಿಯೆಟ್ಟಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಬೋಲ್ಟ್ ಆಗಿ ಕೂತಿರುತ್ತದೆ. ಘಾಟಿ ಹತ್ತುವಾಗ ಎಂಜಿನ್ ಕಾದರೆ ಪಂಪೂ ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಆ ಪಂಪು ದ್ರವ ಎಳೆಯುತ್ತದೆ, ಆವಿ ಎಳೆಯಲು ಬರುವುದಿಲ್ಲ. ಗಾಡಿ ನಿಂತುಬಿಡುತ್ತದೆ. ಒದ್ದೆ ಬಟ್ಟೆ ಸುತ್ತಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾದರೆ ಮತ್ತೆ ಹೊರಡುತ್ತದೆ. ಚಾರ್ಮಾಡಿಯಲ್ಲೂ ಶಿರಾಡಿಯಲ್ಲೂ ಹಾಗೆ ನಿಂತ ಫಿಯೆಟ್ಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಎಂಜಿನ್ ಜಾಮ್ ಅಂತ ತಲೆ ಕೆಡಿಸಿಕೊಂಡಿದ್ದೀರಿ. ಅದು ದೊಡ್ಡ ವಿಷಯವೇ ಅಲ್ಲ. 1089 ಸಿಸಿ, ಎರಕದ ಬ್ಲಾಕು, ಲೇತ್‌ನವನ ಹತ್ತಿರ ಹೋದರೆ ಮತ್ತೆ ಹೊಸದು. ನನಗೆ ಭಯ ಹುಟ್ಟಿಸಿದ್ದು ನೀವು ಮಣ್ಣು ಕಂಡ ಮಾತು. ಈ ಕಾರಿಗೆ ಜೀಪಿಗಿರುವ ಹಾಗೆ ಬೇರೆ ಚಾಸಿ, ಅಂದರೆ ಬಾಡಿ ಕೂರುವ ಉಕ್ಕಿನ ಚೌಕಟ್ಟು ಇಲ್ಲ. ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಇವೇ ಇಡೀ ಗಾಡಿಯನ್ನು ಹೊತ್ತಿರುವುದು.

ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಅಯಸ್ಕಾಂತ ತೆಗೆದುಕೊಂಡು ಕೆಳಗೆ ತೂರಿ. ಮೊದಲು ಕಾರಿನ ಕೆಳಗೆ ಮರದ ದಿಮ್ಮಿ ಕೊಡಿ. ಜಾಕ್ ನಂಬಿ ಕೆಳಗೆ ಮಲಗಬೇಡಿ. ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗಗಳು, ಜಾಕ್ ಕೊಡುವ ಜಾಗಗಳು, ಮುಂದೆ ಸಸ್ಪೆನ್ಷನ್ ಕೂರುವ ಕಡೆ, ಇಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಜೋರಾಗಿ ಒತ್ತಿ. ಒಳಗೆ ಹೋದರೆ ತುಕ್ಕು. ಅಯಸ್ಕಾಂತ ಅಂಟದಿದ್ದರೆ ಅಲ್ಲಿ ತಗಡಿಲ್ಲ, ಹಿಂದೆ ಯಾರೋ ಪುಟ್ಟಿ ಮೆತ್ತಿದ್ದಾರೆ. ಸ್ಪ್ರಿಂಗಿನ ಜಾಗ ಗಟ್ಟಿ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ನೆಲದ ತೂತು ಟಿಂಕರಿಂಗ್ ಗೊತ್ತಿರುವವನು ಸರಿ ಮಾಡುತ್ತಾನೆ. ಒಂದು ಮಾತು ಅವನಿಗೆ ಹೇಳಲೇಬೇಕು: ಬಾಗಿಲ ಕೆಳಗಿನ ಪೆಟ್ಟಿಗೆ ಕತ್ತರಿಸುವಾಗ ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಬೇಕು, ಬಾಗಿಲು ಹಾಕಿರಬೇಕು, ಗಾಡಿ ಮಟ್ಟಸ ನೆಲದಲ್ಲಿ ಇರಬೇಕು. ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ಬಾಡಿ ನಡುವೆ ಕುಸಿಯುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ.

ಎಂಜಿನ್ನಿಗೆ ಈಗಲೇ ಮಾಡುವ ಕೆಲಸ ಒಂದಿದೆ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಅರ್ಧ ಡೀಸೆಲ್ ಅರ್ಧ ಎಂಜಿನ್ ಆಯಿಲ್ ಬೆರೆಸಿ ಎರಡು ಮೂರು ಚಮಚ ಬಿಡಿ. ವಾರಗಟ್ಟಲೆ ಬಿಡಿ, ಆಗಾಗ ಮತ್ತೆ ಹಾಕಿ. ಆಮೇಲೆ ಪ್ಲಗ್ ಇಲ್ಲದೆಯೇ ಟಾಪ್ ಗೇರಿಗೆ ಹಾಕಿ, ಇಬ್ಬರು ನಿಂತು ಕಾರನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟರೆ ಬಿಟ್ಟಿತು. ನಿಮ್ಮ ಕಡೆ ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆಯುವ ವೀರರು ಇರುತ್ತಾರೆ. ಅವರನ್ನು ಶೆಡ್ಡಿನ ಹತ್ತಿರ ಬಿಡಬೇಡಿ, ರಿಂಗು ಮುರಿಯುತ್ತದೆ, ಪಿಸ್ಟನ್ ಹೋಗುತ್ತದೆ.

ಬಿಡದಿದ್ದರೆ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಬೇಕು. ಹೆಡ್ ಅಲ್ಯುಮಿನಿಯಂ, ಅದನ್ನು ಹಿಡಿದಿರುವ ಸ್ಟಡ್ಡು ಉಕ್ಕು. ಎರಡರ ನಡುವೆ ಬಿಳೀ ಪುಡಿ ಕಟ್ಟಿ ಗಟ್ಟಿಯಾಗಿ ಹಿಡಿದಿರುತ್ತದೆ. ಆತುರದವರು ಹೆಡ್ಡಿನ ಸಂದಿಗೆ ಉಳಿ ಹೊಡೆಯುತ್ತಾರೆ. ಅಲ್ಲಿಗೆ ಹೆಡ್ಡಿನ ಮುಖ ಹಾಳು. ಎಣ್ಣೆ ಬಿಟ್ಟು ಕಾಯಬೇಕು, ಮರದ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಬೇಕು, ಮತ್ತೆ ಕಾಯಬೇಕು. ಬೋರ್‌ನಲ್ಲಿ, ಅಂದರೆ ಪಿಸ್ಟನ್ ಓಡುವ ಕೊಳವೆಯಲ್ಲಿ, ತುಕ್ಕಿನ ಗುಳಿ ಇದ್ದರೆ ರೀಬೋರ್, ಅದನ್ನು ಸ್ವಲ್ಪ ಅಗಲಕ್ಕೆ ಕೊರೆಸಬೇಕು. ಮೂಲ ಅಳತೆ 68 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನು ಅಳೆದು ಆಮೇಲೆ ಬೋರ್ ಮಾಡಿಸಿ. ಉಲ್ಟಾ ಮಾಡಬೇಡಿ.

ಟ್ಯಾಂಕಿಗೆ ಹೊಸ ಪೆಟ್ರೋಲ್ ಸುರಿಯಬೇಡಿ. ಇಳಿಸಿ, ಒಂದು ಬೊಗಸೆ ಸಣ್ಣ ಜಲ್ಲಿ ಹಾಕಿ ಅಲ್ಲಾಡಿಸಿ ತೊಳೆಯಿರಿ. ತೂತಿದ್ದರೆ ಬೆಸುಗೆಗೆ ಕೊಡುವ ಮುಂಚೆ ನೀರು ತುಂಬಿಸಲೇಬೇಕು, ಖಾಲಿ ಟ್ಯಾಂಕಿನ ಆವಿ ಸಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಹಳೇ ರಬ್ಬರು ತಡೆಯುವುದಿಲ್ಲ. ಪೈಪು, ಪಂಪಿನ ಡಯಾಫ್ರಾಂ ಎಲ್ಲ ಬದಲಾಯಿಸಿ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಓಡಿಸದೆ ತಿಂಗಳುಗಟ್ಟಲೆ ತುಂಬಿಸಿಡಬಾರದು.

ಬ್ರೇಕಿಗೆ ಜಿಪುಣತನ ಬೇಡ. ನಾಲ್ಕೂ ಡ್ರಮ್ಮು, ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸು, ಪೈಪು, ಎಲ್ಲ ಹೊಸದು. ಮುಂದಿನ ಚಕ್ರ ಎಡ ಬಲ ತಿರುಗಲು ಆಧಾರವಾಗಿರುವ ಕಿಂಗ್ ಪಿನ್ನೂ ನೋಡಿ. ಪುಸ್ತಕದಲ್ಲಿ ಗ್ರೀಸ್ ಲೆಕ್ಕ ಇದೆ ಅಂದಿರಲ್ಲ, ಅಜ್ಜನ ಕಾಲದಲ್ಲಿ ಚೆನ್ನಾಗಿಯೇ ಇದ್ದಿರುತ್ತದೆ.

ಪೇಂಟು ಕಟ್ಟಕಡೆಗೆ. ತುಕ್ಕು ನೋಡದೆ ಪೇಂಟ್ ಮೊದಲು ಅನ್ನುವವರಿಗೆ ದೂರದಿಂದಲೇ ಒಂದು ನಮಸ್ಕಾರ.

ಕುರ್ಲಾಕನ್ನಡಿಗ:

ಅಕ್ಕ, ಸಾಮಾನಿನ ಮಾತು ನಾನು ಹೇಳುತ್ತೇನೆ. ನಮ್ಮ ಅಪ್ಪ ಕುಂದಾಪುರದಿಂದ ಬಂದು ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ನಿಮ್ಮ ಡಿಲೈಟ್ ಹುಟ್ಟಿದ್ದೂ ಇಲ್ಲೇ, ಕುರ್ಲಾದ ಪ್ರೀಮಿಯರ್ ಫ್ಯಾಕ್ಟರಿಯಲ್ಲಿ. ಅದೇ ಗಾಡಿ ಆಮೇಲೆ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕಿನ ಸಾಮಾನು ಬಹುಪಾಲು ಒಂದಕ್ಕೊಂದು ಆಗುತ್ತದೆ. ಹಾಗಾಗಿ ನಿಮಗೆ ಪಿಸ್ಟನ್, ಗ್ಯಾಸ್ಕೆಟ್, ಕಿಂಗ್ ಪಿನ್ ಕಷ್ಟ ಆಗುವುದಿಲ್ಲ. ಕಷ್ಟ ಆಗುವುದು ಡಿಲೈಟಿನದೇ ಆದ ಗ್ರಿಲ್, ಡ್ಯಾಶ್‌ಬೋರ್ಡ್, ಮೀಟರ್, ಬಾಡಿ ಮೇಲಿನ ಅಕ್ಷರ. ಅವು ನಿಮ್ಮ ಹತ್ತಿರ ಇವೆ ಅಂದರೆ ಅರ್ಧ ಗೆದ್ದಿರಿ. ಗ್ಯಾರೇಜಿಗೆ ಕೊಡುವ ಮುಂಚೆ ಅವನ್ನೆಲ್ಲ ಬಿಚ್ಚಿ ಮನೆಯಲ್ಲಿಡಿ. ಬೇರೆಯವರ ಗಾಡಿಗೆ ಹೋಗಿ ಕೂತ ಗ್ರಿಲ್ ವಾಪಸ್ ಬಂದದ್ದು ನಾನು ಕಂಡಿಲ್ಲ.

ಇಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿ ಆಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ, 2023ರ ಅಕ್ಟೋಬರಿಗೆ ಅದೂ ಮುಗಿಯಿತು. ಆ ಗಾಡಿಗಳ ಸಾಮಾನು ಇನ್ನೂ ಗುಜರಿಗಳಲ್ಲಿ ಅಲ್ಲಲ್ಲಿ ಇದೆ, ಆದರೆ ವರ್ಷ ಹೋದ ಹಾಗೆ ಕಡಿಮೆ ಆಗುತ್ತಿದೆ. ಬೇಕಾದದ್ದನ್ನು ಈಗಲೇ ಕೊಂಡಿಡಿ. ಬೆಂಗಳೂರಿನಲ್ಲಿ ಮೊದಲು ಜೆ.ಸಿ. ರೋಡ್ ಸುತ್ತಿ, ಆಮೇಲೆ ಶಿವಾಜಿನಗರದ ಗುಜರಿ. ಹಳೇ ತುಂಡು ಕೈಯಲ್ಲಿ ಹಿಡಿದೇ ಹೋಗಿ. ಬಾಯಲ್ಲಿ ಹೇಳಿದರೆ ಪ್ರತಿ ಅಂಗಡಿಯವನೂ ‘ಇದೇ ಮೇಡಂ’ ಅಂತ ಏನೋ ಒಂದು ಕೊಡುತ್ತಾನೆ.

ಲೆಕ್ಕಾಚಾರಿ:

ಯಾರೂ ಹೇಳದ ಮಾತು ನಾನು ಹೇಳಿ ಕೆಟ್ಟವನಾಗುತ್ತೇನೆ. ಎರಡು ಲಕ್ಷದಲ್ಲಿ ಮುಗಿಯುವುದಿಲ್ಲ. ನೆಲ ತೂತಾಗಿರುವ ಗಾಡಿಗೆ ಹಾಕಿದ ದುಡ್ಡು ಮಾರಿದರೂ ವಾಪಸ್ ಬರುವುದಿಲ್ಲ. ಈಗಿರುವ ಸ್ಥಿತಿಯಲ್ಲೇ, ಸರಿ ಮಾಡಿಸಲು ಆಸಕ್ತಿ ಇರುವ ಯಾರಿಗಾದರೂ ಕೊಟ್ಟುಬಿಡಿ. ಹಳೇ ಕಾರು ನೋಡಬೇಕು ಅನಿಸಿದರೆ ಧರ್ಮಸ್ಥಳದ ಮ್ಯೂಸಿಯಂಗೆ ಹೋಗಿ ಬನ್ನಿ, ಟಿಕೆಟ್ ದುಡ್ಡಲ್ಲಿ ಮುಗಿಯುತ್ತದೆ.

ಕಡತ:

ಮೈಸೂರಿನಲ್ಲಿ ವಾಹನದ ಕಾಗದಪತ್ರದ ಕೆಲಸವೇ ನನ್ನ ಹೊಟ್ಟೆಪಾಡು. ಗಾಡಿಗೆ ಒಂದು ರೂಪಾಯಿ ಹಾಕುವ ಮುಂಚೆ ಕಾಗದ ನೋಡಿ ಮೇಡಂ. ಆರ್‌ಸಿ ಬುಕ್ಕಿನಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದುತ್ತದಾ? ಹಿಂದೆ ಎಂಜಿನ್ ಬದಲಾಯಿಸಿ ಪುಸ್ತಕದಲ್ಲಿ ಬರೆಸದೆ ಬಿಟ್ಟ ಫಿಯೆಟ್ಟುಗಳು ಬಹಳ ಇವೆ.

ಮಾಲೀಕರು ತೀರಿಕೊಂಡಿದ್ದರೆ ಫಾರ್ಮ್ 31. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ನಿಮ್ಮ ಅಪ್ಪ ಇದ್ದರೆ ಮೊದಲು ಅವರ ಹೆಸರಿಗೆ ಮಾಡಿಸಿ, ಅಲ್ಲಿಂದ ಫಾರ್ಮ್ 29, 30ರಲ್ಲಿ ನಿಮ್ಮ ಹೆಸರಿಗೆ ತರುವುದು ಸುಲಭದ ದಾರಿ. ಅಂದರೆ ಚಿಕ್ಕಪ್ಪನ ಸಹಿ, ಅತ್ತೆಯರಿದ್ದರೆ ಅವರದೂ ಬೇಕು. ಅಲಾಯ್ ವೀಲ್ ಜಗಳ ಸಹಿ ಆದ ಮೇಲೆ ಆಡಿ. ಇಷ್ಟು ಹಳೇ ಗಾಡಿಯ ದಾಖಲೆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಮೂಲ ಪುಸ್ತಕ ತೋರಿಸಿ ಅದಕ್ಕೆ ಹಾಕಿಸಬೇಕು. ಆ ಪುಸ್ತಕ ಯಾರ ಕೈಗೂ ಕೊಟ್ಟು ಬರಬೇಡಿ.

ಮುಂದೆ ಎರಡು ದಾರಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ಬೇರೆ ನಿಯಮ ತಂದಿತು. 50 ವರ್ಷ ಮೀರಿ, ಮೂಲ ರೂಪದಲ್ಲೇ ಇರುವ ಗಾಡಿಗೆ 10 ವರ್ಷದ ನೋಂದಣಿ, ಶುಲ್ಕ 20,000. ಮೊದಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ತರಕಾರಿಗೆ, ಮದುವೆಗೆ ಅಂತ ಓಡಿಸುವ ಹಾಗಿಲ್ಲ. ಓಡಿಸಬೇಕು ಅಂತಿದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿ. ಗಾಡಿ ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ಸಿಗುತ್ತದೆ. 20 ವರ್ಷ ಮೀರಿದ ಕಾರಿಗೆ ಆ ಶುಲ್ಕ 2025ರಲ್ಲಿ 10,000ಕ್ಕೆ ಏರಿದೆ. ಬಾಕಿ ತೆರಿಗೆ, ದಂಡ ಬೇರೆ. ಹೆಸರು ಬದಲಾದರೂ, ನವೀಕರಣ ಆದರೂ ನಂಬರ್ ಅದೇ ಇರುತ್ತದೆ.

ತೋಟದಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇಸ್ಪ್ಯಾನರ್ ಸರ್, ನೀವು ಹೇಳಿದ ಹಾಗೆ ದಿಮ್ಮಿ ಕೊಟ್ಟು ಕೆಳಗೆ ನುಗ್ಗಿದೆ. ಹಿಂದಿನ ಸ್ಪ್ರಿಂಗಿನ ಜಾಗ ನಾಲ್ಕೂ ಗಟ್ಟಿ ಇವೆ. ಎಡಗಡೆ ಬಾಗಿಲ ಕೆಳಗಿನ ಪೆಟ್ಟಿಗೆ ಮಾತ್ರ ಹೋಗಿದೆ, ಬಲಗಡೆ ಪರವಾಗಿಲ್ಲ. ಎಡಗಡೆ ಮಾಡಿನ ನೀರು ಬೀಳುವ ಕಡೆ ಇತ್ತು, ಅದಕ್ಕೇ ಇರಬೇಕು. ನಂಬರುಗಳೂ ಪುಸ್ತಕಕ್ಕೆ ಹೊಂದುತ್ತವೆ. ಪ್ಲಗ್ ತೂತಿಗೆ ಎಣ್ಣೆ ಬಿಟ್ಟಾಗಿದೆ.

ಲೆಕ್ಕಾಚಾರಿಯವರೇ, ಬೇಜಾರಿಲ್ಲ. ಗಣಿತದವಳಾದ್ದರಿಂದ ನಿಮ್ಮ ಲೆಕ್ಕ ಸರಿ ಅಂತ ನನಗೂ ಗೊತ್ತು. ಮಾರುವ ಯೋಚನೆ ಇಲ್ಲದ ಕಾರಣ ವಾಪಸ್ ಬರುವ ದುಡ್ಡಿನ ಮಾತೇ ಇಲ್ಲ.

ವಿಂಟೇಜ್ ಬೇಡ, ಮಾಮೂಲಿ ನೋಂದಣಿಯೇ ಸಾಕು. ಅಪ್ಪನನ್ನು ಕೂರಿಸಿಕೊಂಡು ಸಂತೆಗೆ ಹೋಗಬೇಕು ನನಗೆ. ಚಿಕ್ಕಪ್ಪನ ಸಹಿ ಸಿಗುವವರೆಗೆ ಬಣ್ಣದ ಮಾತು ಎತ್ತುವುದಿಲ್ಲ. ಸರ್, ಒಂದೇ ಪ್ರಶ್ನೆ ಉಳಿದಿದೆ. ಹೊರಗಿನ ಬಣ್ಣ ಪೂರ್ತಿ ಮಾಸಿದೆ. ಮೂಲ ಬೂದು ಹೇಗಿತ್ತು ಅಂತ ಕಂಡುಹಿಡಿಯುವುದು ಹೇಗೆ? ಇಡೀ ಗಾಡಿಗೆ ಹೊಸ ಪೇಂಟ್ ಬೇಕೇ ಬೇಕಾ?

ಹಳೇಸ್ಪ್ಯಾನರ್:

ಬೇಡ. ಬಿಸಿಲು ತಾಗದ ಜಾಗ ಹುಡುಕಿ: ಡಿಕ್ಕಿ ಒಳಗೆ, ಬಾಗಿಲ ಬೀಡಿಂಗ್ ರಬ್ಬರ್ ಕೆಳಗೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಿಜವಾದ ಬಣ್ಣ ಕಾಣುತ್ತದೆ. ಅದನ್ನು ಪೇಂಟ್ ಅಂಗಡಿಯವನಿಗೆ ತೋರಿಸಿ ಬಣ್ಣ ಬೆರೆಸಿಸಿ. ಹೊಸ ತಗಡು ಹಾಕಿದ ಕಡೆ, ಬಾಗಿಲ ಕೆಳಗೆ, ಅಷ್ಟಕ್ಕೆ ಹೊಡೆಸಿ. ಗಾಡಿಯ ಮಾಡಿಗೆ, ಬಾನೆಟ್ಟಿಗೆ ಪಾಲಿಶ್ ಹಾಕಿ ನೋಡಿ, ಹಳೇ ಡ್ಯೂಕೋ ಪೇಂಟ್ ಎಷ್ಟೋ ಸಲ ಎದ್ದು ಬರುತ್ತದೆ. ಸ್ವಲ್ಪ ಬೇರೆ ಬೇರೆ ಕಂಡರೆ ಕಾಣಲಿ ಬಿಡಿ, ಅರವತ್ತರ ಹತ್ತಿರದ ಗಾಡಿ.

ಮಳೆಗೆ ಮುಂಚೆ ಶೆಡ್ಡಿನ ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಹಲಗೆ ಇಟ್ಟು ಗಾಡಿ ನಿಲ್ಲಿಸಿ. ಟಾರ್ಪಾಲು ಬಿಗಿಯಾಗಿ ಮುಚ್ಚಬೇಡಿ, ಒಳಗೆ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಮಾಡಿನ ಆ ಎಡಗಡೆಗೆ ಮಳೆನೀರು ಹರಿದುಹೋಗಲು ಒಂದು ದೋಣಿ ಕಟ್ಟಿಸಿ. ಹೆಡ್ ಬಿಚ್ಚುವ ದಿನ ಬಂದರೆ ಉಳಿ ಮುಟ್ಟುವ ಮುಂಚೆ ಇಲ್ಲಿ ಫೋಟೋ ಹಾಕಿ, ನೋಡಿ ಹೇಳುತ್ತೇನೆ.