ಗರಿ, ಮಟ್ಟೆ ಬ್ರಿಕೆಟ್‌ನವರಿಗೆ ಕೊಡೋದಾ, ತೋಟದಲ್ಲೇ ಬಿಡೋದಾ?

ತಿಪಟೂರು ತೋಟ:
ಮೂರು ಎಕರೆ ತೆಂಗು, ಸ್ವಲ್ಪ ರಾಗಿ, ತೊಗರಿ. ಐದು ಹಸು. ಬ್ರಿಕೆಟ್ (ಕಸಕಡ್ಡಿ ಒತ್ತಿ ಮಾಡುವ ಉರುವಲು ಇಟ್ಟಿಗೆ) ಕಾರ್ಖಾನೆಯವರು ಗರಿ, ಮಟ್ಟೆ, ತೊಗರಿ ಕಡ್ಡಿ ಎಲ್ಲಾ ಕೇಳುತ್ತಿದ್ದಾರೆ. ಗೆದ್ದಲು ತಿನ್ನೋದಕ್ಕಿಂತ ದುಡ್ಡಾಗಲಿ ಅಂತ ಮಗ, ಬೇಡ ಅಂತ ನಮ್ಮಪ್ಪ. ಗೋಬರ್ ಗ್ಯಾಸ್ ಯೋಚನೆಯೂ ಇದೆ. ಸಗಣಿ ಅದಕ್ಕೆ ಹೋದರೆ ಗೊಬ್ಬರ ಕಡಿಮೆಯಾಗಲ್ವಾ?

ಗುಬ್ಬಿ ಹುಡುಗ:
ಮಾರಿಬಿಡಿ ಸಾರ್. ಗರಿ, ಮಟ್ಟೆ ಜೊತೆ ಹೋಗೋ ಪೊಟ್ಯಾಷ್‌ಗೆ ಆ ದುಡ್ಡಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ತನ್ನಿ, ಲೆಕ್ಕ ಸರಿಹೋಗುತ್ತೆ.

ಕುಣಿಗಲ್ ಅಕ್ಕ:
ಚೀಲದಲ್ಲಿ ಪೊಟ್ಯಾಷ್ ಬರುತ್ತೆ ತಮ್ಮಾ, ನೆರಳು ಬರಲ್ಲ. ಬೇಸಿಗೆಯಲ್ಲಿ ಗರಿ ಹೊದಿಸಿದ ಪಾತಿ ಕೆದಕಿ ನೋಡು, ತೇವ ಇರುತ್ತೆ. ನಮ್ಮ ಬೋರ್‌ವೆಲ್‌ಗಳ ಗತಿಗೆ ಅದೇ ದೊಡ್ಡದು.

ತಿಪಟೂರಿನವರೇ, ಗ್ಯಾಸ್ ಹಾಕಿಸಿ. ಹಸುವಿಗೆ ದಿನಕ್ಕೆ ಸುಮಾರು 10 ಕೆಜಿ ಸಗಣಿ ಅಂದರೂ ನಿಮ್ಮಲ್ಲಿ 50 ಕೆಜಿ ಆಯಿತು. ಅಷ್ಟೇ ನೀರು ಸೇರಿಸಿದರೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಪ್ಲಾಂಟ್ ನಡೆಯುತ್ತದೆ. ನಮ್ಮದೂ ಅಷ್ಟೇ ದೊಡ್ಡದು, ಮನೆ ಅಡುಗೆ ಆಗುತ್ತದೆ. ಚಳಿಗಾಲದಲ್ಲಿ ಮಾತ್ರ ಉರಿ ಸೊರಗುತ್ತದೆ. ಗ್ಯಾಸ್ ಆಗಿ ಹೋಗುವುದು ಇಂಗಾಲ, ಸಾರಜನಕ ಸ್ಲರಿಯಲ್ಲೇ, ಅಂದರೆ ಪ್ಲಾಂಟಿನಿಂದ ಹೊರಬರುವ ಸಗಣಿ ರಾಡಿಯಲ್ಲೇ, ಉಳಿಯುತ್ತದೆ. ಆದರೆ ಸ್ಲರಿಯನ್ನು ಬಿಸಿಲಿಗೆ ಒಣಗಿಸಿದರೆ ಆ ಸಾರಜನಕದಲ್ಲಿ ಒಂದಷ್ಟು ಅಮೋನಿಯ ಆಗಿ ಹಾರಿಹೋಗುತ್ತದೆ. ನಾವು ನೀರಿನ ಜೊತೆಗೇ ಪಾತಿಗೆ ಬಿಡುತ್ತೇವೆ.

ನಮ್ಮ ತಾಲೂಕಿನ ಪುರ ಗ್ರಾಮದಲ್ಲಿ 1987ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ಊರಿಗೆಲ್ಲ ಒಂದು ಪ್ಲಾಂಟ್ ನಡೆಸಿದರು. ಮನೆಮನೆಯ ಸಗಣಿ ತೂಗಿ ತೆಗೆದುಕೊಂಡು, ಅದರ ಲೆಕ್ಕಕ್ಕೆ ಸ್ಲರಿ ವಾಪಸ್ ಕೊಡುತ್ತಿದ್ದರು. ಗ್ಯಾಸಿನಿಂದ ಕರೆಂಟು, ಕರೆಂಟಿನಿಂದ ಬೆಳಕು, ಕುಡಿಯುವ ನೀರು. ಬ್ರಿಕೆಟ್‌ನವರು ಹೀಗೆ ಬೂದಿಯನ್ನಾದರೂ ತಂದುಕೊಡ್ತಾರಾ, ಕೇಳಿ ನೋಡಿ!

ತೊಗರಿ ಕಡ್ಡಿ ಬೇಕಿದ್ದರೆ ಮಾರಿ. ಅದರ ಎಲೆ ಹೊಲದಲ್ಲೇ ಉದುರಿರುತ್ತದೆ, ಕಡ್ಡಿ ಬೇಗ ಕೊಳೆಯಲ್ಲ. ತೆಂಗಿನ ಚಿಪ್ಪೂ ಹೋಗಲಿ. ಗರಿ, ಮಟ್ಟೆ ಮಾತ್ರ ಕೊಡಬೇಡಿ.

ತಿಪಟೂರು ತೋಟ:
ಸರಿ ಅಕ್ಕ. ಕಡ್ಡಿ, ಚಿಪ್ಪಿನಲ್ಲಿ ಗ್ಯಾಸಿಫೈಯರ್ (ಸೌದೆಯನ್ನು ಅರೆಬರೆ ಉರಿಸಿ ಗ್ಯಾಸ್ ಮಾಡುವ ಯಂತ್ರ) ಇಟ್ಟು ಪಂಪ್ ಓಡಿಸಬಹುದಾ?

ಕುಣಿಗಲ್ ಅಕ್ಕ:
ಒಂದು ಮನೆಗೆ ಬೇಡ. ಒಂದು ಯೂನಿಟ್ ಕರೆಂಟಿಗೆ ಒಂದರಿಂದ ಒಂದೂವರೆ ಕೆಜಿ ಒಣ ಸೌದೆ ಬೇಕು. ಹಸಿ ಇದ್ದರೆ ಟಾರ್ (ಅಂಟು ಕೀಲೆಣ್ಣೆ) ಬಂದು ಎಂಜಿನ್ ಕಟ್ಟಿಕೊಳ್ಳುತ್ತದೆ. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ, ಅದಕ್ಕೆ ವಾಸನೆಯೂ ಇಲ್ಲ. ಮುಚ್ಚಿದ ಪಂಪ್ ಮನೆಯಲ್ಲಿ ಸೋರಿದರೆ ಜೀವಕ್ಕೇ ಅಪಾಯ. ಮೊದಲು ಗೋಬರ್ ಗ್ಯಾಸ್ ಗುಂಡಿ ತೆಗೆಸಿ. ಕೊಟ್ಟಿಗೆಗೆ ಹತ್ತಿರ, ಪಾತಿಗಿಂತ ಎತ್ತರದಲ್ಲಿರಲಿ.